ಪುಟ್ಟಮಾದಮ್ಮನ ಸೌಟು, ಮೇಷ್ಟರ ಡಬ್ಬಿ

ಸರ್ಕಾರದ ಕಟ್ಟಳೆ ಹೀಗಿದೆ. ಶಾಲೆಯ ಬಿಸಿಯೂಟ ಬೆಂದ ಮೇಲೆ ಅಡುಗೆಯವಳು ಒಂದು ಸಲ, ಮೇಷ್ಟರು ಒಂದು ಸಲ ರುಚಿ ನೋಡಬೇಕು. ನೋಡಿ ಅರ್ಧ ಗಂಟೆ ಕಾಯಬೇಕು. ಇಬ್ಬರಿಗೂ ಏನೂ ಆಗದಿದ್ದರೆ ಗಂಟೆ ಹೊಡೆದು ಮಕ್ಕಳಿಗೆ ಬಡಿಸಬೇಕು. ಮೇಷ್ಟರು ರುಚಿ ನೋಡಿದ್ದಕ್ಕೆ ಒಂದು ಪುಸ್ತಕ ಇದೆ, ಅದರಲ್ಲಿ ದಿನಕ್ಕೊಂದು ಸಹಿ ಬೀಳಬೇಕು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ಒಂದು ಮೈಲಿ ನಡೆದರೆ ಸಿಗುವ ಊರಿನ ಶಾಲೆಯಲ್ಲಿ ಪುಟ್ಟಮಾದಮ್ಮ ಹದಿಮೂರು ವರ್ಷದಿಂದ ಅಡುಗೆ ಮಾಡುತ್ತಿದ್ದಾಳೆ. ಈ ಕಟ್ಟಳೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಸೌಟಿನಿಂದ ಎಡಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕುವಳು, ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಕಾಯುವಳು. ಅದೇ ಶಾಲೆಗೆ ಬಂದು ಒಂಬತ್ತು ವರ್ಷವಾದ ಹೆಡ್ ಮೇಷ್ಟರು ಸ್ವಾಮಿಯವರು ಒಂದು ದಿನವೂ ರುಚಿ ನೋಡಿದವರಲ್ಲ. ಅವರದು ಬೇರೆ ಏರ್ಪಾಡು. ಸೋಮವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತವರೇ ಪುಸ್ತಕ ತೆಗೆದು ಶನಿವಾರದ ತನಕ ಆರು ಸಲ 'ರುಚಿ ಚೆನ್ನಾಗಿದೆ' ಎಂದು ಬರೆದು, ಆರು ಸಹಿ ಎಳೆದು ಮುಚ್ಚಿಬಿಡುವರು. ಶುಕ್ರವಾರದ ಬೇಳೆ ಇನ್ನೂ ಬೆಂದೇ ಇರುತ್ತಿರಲಿಲ್ಲ, ಅದರ ರುಚಿ ಸೋಮವಾರವೇ ಅವರಿಗೆ ಗೊತ್ತಾಗಿರುತ್ತಿತ್ತು. ಅಂಥ ನಾಲಿಗೆ. ಮಧ್ಯಾಹ್ನವಾದರೆ ಮದ್ದೂರಿನ ಮನೆಯಿಂದ ತಂದ ಸ್ಟೀಲಿನ ಡಬ್ಬಿ ಬಿಚ್ಚಿ, ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಉಣ್ಣುವರು.

ಪುಟ್ಟಮಾದಮ್ಮ ಆ ಡಬ್ಬಿಯನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಡಬ್ಬಿಗಳ ವಿಷಯ ಅವಳಿಗೆ ಹೊಸದಲ್ಲ. ಊರ ಹೊರಗಿನ ಬೀದಿಯವಳು ಮುಖ್ಯ ಅಡುಗೆಯವಳಾದಳು ಎಂದು ಮೊದಲನೆಯ ವರ್ಷ ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದವು. ಅವಳು ಯಾರ ಹತ್ತಿರವೂ ನ್ಯಾಯ ಕೇಳಲಿಲ್ಲ. ಸಾರು ಮಾಡಿದಳು. ಹುರುಳಿಕಟ್ಟಿನ ಸಾರಿನ ಘಮ ಕೊಠಡಿಗೆ ನುಗ್ಗಿದ ಮೇಲೆ ತಣ್ಣಗಿನ ಚಿತ್ರಾನ್ನದ ಡಬ್ಬಿ ಎಷ್ಟು ದಿನ ತಡೆದೀತು? ಮಕ್ಕಳೇ ಡಬ್ಬಿಯನ್ನು ಚೀಲದಲ್ಲಿ ಬಿಟ್ಟು ತಟ್ಟೆ ಹಿಡಿದು ಸಾಲಿಗೆ ಬಂದವು. ಒಂದು ವರ್ಷದೊಳಗೆ ಹನ್ನೊಂದೂ ಮುಗಿದವು. ಆ ಮಕ್ಕಳ ಅಪ್ಪಂದಿರು ಈಗ ಅವಳನ್ನು ಕಂಡರೆ ಏನೂ ಆಗಿಲ್ಲ ಎಂಬಂತೆ ಸೊಸೈಟಿ ಅಕ್ಕಿಯ ಮಾತಾಡುತ್ತಾರೆ. ಅವಳೂ ಮಾತಾಡುತ್ತಾಳೆ. ಮರೆತಿಲ್ಲ.

ಪುಟ್ಟಮಾದಮ್ಮನ ಕಾಯಿಲೆ ಶುರುವಾಗಿದ್ದು ಟಿ.ವಿ.ಯಿಂದ. ಎಲ್ಲೋ ದೂರದ ಜಿಲ್ಲೆಯ ಶಾಲೆಯಲ್ಲಿ ಸಾರಿಗೆ ಹಲ್ಲಿ ಬಿದ್ದು ಮಕ್ಕಳು ಆಸ್ಪತ್ರೆ ಸೇರಿದವು ಅಂತ ದಿನವಿಡೀ ಅದನ್ನೇ ತೋರಿಸಿದರು. ಮಾರನೆಯ ದಿನ ಸಹಾಯಕಿ ಸೋಮಮ್ಮ ಹುರುಳಿಕಾಯಿ ಮುರಿಯುತ್ತ ಕೂತು, ಯಾವ ಮಗುವಿನ ಕಣ್ಣು ಹೇಗೆ ಮೇಲಾಗಿತ್ತು, ಆ ಅಡುಗೆಯವಳನ್ನು ಪೊಲೀಸರು ಹೇಗೆ ಜೀಪಿಗೆ ಹತ್ತಿಸಿದರು ಎಂದು ತಾನೇ ಪಕ್ಕದಲ್ಲಿ ನಿಂತು ನೋಡಿದವಳ ಹಾಗೆ ವರ್ಣಿಸಿದಳು. ಸೋಮಮ್ಮ ಗೌಡರ ಮನೆಯವಳು. ಕೈ ನಿಧಾನ, ಬಾಯಿ ಚುರುಕು.

ಪುಟ್ಟಮಾದಮ್ಮ ಎಂದಿನ ಹಾಗೆ ನಾಲ್ಕು ಹನಿ ನೆಕ್ಕಿದಳು. ಕಟ್ಟೆಯ ಮೇಲೆ ಕೂತಳು. ಐದು ನಿಮಿಷವಾಗಿತ್ತೋ ಇಲ್ಲವೋ, ಎದೆ ಒನಕೆ ಹಾಕಿದ ಹಾಗೆ ಕುಟ್ಟತೊಡಗಿತು. ಕೈ ತಣ್ಣಗಾಯಿತು, ಬೆನ್ನಿನ ಮೇಲೆ ಬೆವರು ಹರಿಯಿತು, ಉಸಿರು ಗಂಟಲಲ್ಲೇ ನಿಂತಿತು. ಅವಳಿಗೆ ಹೊಳೆದದ್ದು ಒಂದೇ: ಸಾರಿಗೆ ಏನೋ ಬಿದ್ದಿದೆ, ವಿಷ ಏರುತ್ತಿದೆ, ಇನ್ನು ಅರ್ಧ ಗಂಟೆಯೊಳಗೆ ಎಪ್ಪತ್ತೆರಡು ಮಕ್ಕಳು ಇದನ್ನೇ ಉಣ್ಣುತ್ತವೆ. ಎದ್ದವಳೇ ಇಡೀ ತಪ್ಪಲೆ ಸಾರನ್ನು ಚರಂಡಿಗೆ ಬಗ್ಗಿಸಿಬಿಟ್ಟಳು. ಚರಂಡಿಯಲ್ಲಿ ಹಲ್ಲಿಯೂ ಇರಲಿಲ್ಲ, ಜಿರಳೆಯೂ ಇರಲಿಲ್ಲ. ಕ್ಯಾರೆಟ್ಟು, ಬೇಳೆ, ಹುರುಳಿಕಾಯಿ. ಅರ್ಧ ಗಂಟೆಯಲ್ಲಿ ಎದೆ ತಾನಾಗಿ ಸುಮ್ಮನಾಯಿತು. ಮಕ್ಕಳು ಅವತ್ತು ಸೋಮಮ್ಮನ ಮನೆಯ ಮಜ್ಜಿಗೆ ಕಲಸಿಕೊಂಡು ಉಂಡವು.

ಇಪ್ಪತ್ತು ದಿನಕ್ಕೆ ಮತ್ತೆ ಅದೇ ಆಯಿತು. ಮತ್ತೆ ಚೆಲ್ಲಿದಳು. ಈ ಸಲ ಮೇಷ್ಟರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿನ ತನಕ ಬಂದರು. ಒಳಗೆ ಕಾಲಿಡಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ನಾನು ತಾಲ್ಲೂಕಿಗೆ ಬರೀಬೇಕಾಗುತ್ತೆ ನೋಡಮ್ಮ. ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಎಂದರು.

ಬೇರೆಯವರು ಯಾರು ಎಂದು ಅವಳಿಗೆ ಗೊತ್ತಿತ್ತು. ಪುಟ್ಟಮಾದಮ್ಮನ ಕೈಕೆಳಗೆ ಸೋಮಮ್ಮ ಕೆಲಸ ಮಾಡುವುದು ಹೇಗೆ ಎಂದು ಇನ್ನೂ ಕೊರಗುವ ಮನೆಗಳು ಎರಡು ಮೂರು ಇದ್ದವು. ಕೆಲಸ ಹೋದರೆ ಗದ್ದೆ ಕೂಲಿ ಇದೆ, ಹಸಿದು ಸಾಯುವುದಿಲ್ಲ. ಆದರೆ 'ಅವಳ ಕೈ ಅಡುಗೆ, ಅದಕ್ಕೇ ಹಂಗಾಯ್ತು' ಎಂಬ ಒಂದು ಮಾತು ಊರಿನಲ್ಲಿ ಎದ್ದರೆ, ಹದಿಮೂರು ವರ್ಷದ ಸಾರು ಒಂದೇ ದಿನಕ್ಕೆ ಚರಂಡಿ ಸೇರುತ್ತದೆ. ಡಬ್ಬಿಗಳು ವಾಪಸು ಬರುತ್ತವೆ. ಅವಳ ಎದೆ ಕುಟ್ಟುತ್ತಿದ್ದದ್ದು ಅದಕ್ಕೆ. ಅದನ್ನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಕೇಳುವ ಅಗತ್ಯವೇ ಯಾರಿಗೂ ಇರಲಿಲ್ಲ, ಏಕೆಂದರೆ ಎಲ್ಲರಿಗೂ ಉತ್ತರ ಗೊತ್ತಿತ್ತು. ಈ ಸೀಮೆಯಲ್ಲಿ ಗಂಟಲಿನಿಂದ ಹೊಟ್ಟೆಯ ತನಕ ಏನೇ ಆಗಲಿ, ಅದಕ್ಕೆ ಇರುವುದು ಒಂದೇ ಹೆಸರು. ಗ್ಯಾಸು. ಗಂಡ ಸತ್ತವಳಿಗೆ ಎದೆ ಹಿಂಡಿದರೂ ಗ್ಯಾಸು, ಮಗ ಓಡಿಹೋದವನಿಗೆ ನಿದ್ದೆ ಬಾರದಿದ್ದರೂ ಗ್ಯಾಸು. ಸೋಮಮ್ಮ ಜೀರಿಗೆ ನೀರು ಕುಡಿ ಎಂದಳು. ಔಷಧದ ಅಂಗಡಿಯವನು ಪುಟ್ಟಮಾದಮ್ಮ ಬಾಯಿ ತೆರೆಯುವ ಮೊದಲೇ ಗುಲಾಬಿ ಬಣ್ಣದ ಮಾತ್ರೆ ಕತ್ತರಿಸಿ ಕೊಟ್ಟ. ರಸ್ತೆ ಬದಿಯ ಸೂಜಿ ಡಾಕ್ಟರು ಮಂಚದ ಮೇಲೆ ಮಲಗಿಸಿ ಒಂದು ಬಾಟಲಿ ಗ್ಲೂಕೋಸು ಏರಿಸಿ, ಮುದ್ದೆ ಬಿಟ್ಟು ಚಪಾತಿ ತಿನ್ನಲು ಹೇಳಿದ. ಆತ ಎಲ್ಲರಿಗೂ ಅದೇ ಬಾಟಲಿ ಏರಿಸುತ್ತಿದ್ದ. ಅಲ್ಲಿಗೆ ಹೋದವರೆಲ್ಲ ಬಾಟಲಿ ನೋಡಿಯೇ ಅರ್ಧ ವಾಸಿಯಾಗಿ ಬರುತ್ತಿದ್ದರು. ಪುಟ್ಟಮಾದಮ್ಮ ಮಾತ್ರ ಹೇಗೆ ಹೋದಳೋ ಹಾಗೇ ಬಂದಳು.

ಇವರೆಲ್ಲರನ್ನೂ ಮೀರಿಸಿದವನು ಅವಳ ತಮ್ಮ ಮರಿಯಯ್ಯ. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ದಿನಗೂಲಿಗೆ ಸೇರಿ, ಭತ್ತದ ಪಾತಿಗಳ ನಡುವೆ ವಿಜ್ಞಾನಿಗಳ ಹಿಂದೆ ಚೀಟಿ ಕಟ್ಟುತ್ತ ತಿರುಗಿ ತಿರುಗಿ, ತಾನೂ ಅರ್ಧ ವಿಜ್ಞಾನಿ ಆಗಿಬಿಟ್ಟಿದ್ದೇನೆ ಎಂದು ನಂಬಿದವನು. ಅಕ್ಕನ ನಾಲಿಗೆ ನೋಡಿದ, ಉಗುರು ನೋಡಿದ. "ನೋಡಕ್ಕ, ಪೈರ್ಗೆ ಸತುವು ಕಮ್ಮಿ ಆದ್ರೂ ಇಂಗೇ ಆಗದು. ಎಲೆ ಮ್ಯಾಲೆ ತುಕ್ಕು ಬತ್ತದೆ. ನಿಂಗೂ ಸತುವು ಕಮ್ಮಿ ಆಗದೆ. ಅದ್ರ ಜೊತ್ಗೆ ಗ್ಯಾಸು" ಎಂದ. ಅಕ್ಕ ಅವನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ಇದಕ್ಕೇನಾ ಅನ್ನಿಸಿತು.

ಕಡೆಗೆ ಕಿವಿ ಕೊಟ್ಟವಳು ಆಶಾ ಕಾರ್ಯಕರ್ತೆ ನಾಗಮಣಿ. ಗರ್ಭಿಣಿಯರ ಲೆಕ್ಕ ಬರೆಯಲು ಬೀದಿಗೆ ಬಂದವಳು ಪುಟ್ಟಮಾದಮ್ಮನ ಜಗಲಿಯ ಮೇಲೆ ನೀರು ಕುಡಿಯುತ್ತ ಕೂತು ಎಲ್ಲವನ್ನೂ ಕೇಳಿದಳು. ಆಮೇಲೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಹೋಗಿ ತೋರಿಸು ಎಂದಳು.

"ನಂಗೇನ್ ಉಚ್ಚು ಇಡ್ದದಾ?" ಎಂದಳು ಪುಟ್ಟಮಾದಮ್ಮ.

"ಉಚ್ಚಲ್ಲ ಕಣಕ್ಕ, ಎದ್ರಿಕೆ. ಕಾಲ್ ಮುರುದ್ರೆ ಕಟ್ಟಾಕುಸ್ಕತೀಯ, ಎದ್ರಿಕೆಗೆ ಯಾಕ್ ಔಸ್ದಿ ತಗಬಾರ್ದು? ಸುಮ್ನೆ ಓಗು. ಆಗ್ದಿದ್ರೆ ನನ್ ಬೈಯೀವಂತೆ."

ನಮ್ಮ ಕಡೆ ಆಸ್ಪತ್ರೆಗೆ ಒಬ್ಬರೇ ಹೋಗುವ ಪದ್ಧತಿ ಇಲ್ಲ. ಒಬ್ಬಳೇ ಹೋದರೆ ದಿಕ್ಕಿಲ್ಲದವಳು ಅಂದುಕೊಳ್ಳುತ್ತಾರೆ. ಹಾಗಾಗಿ ಪುಟ್ಟಮಾದಮ್ಮನ ಜೊತೆಗೆ ಮರಿಯಯ್ಯ ರಜೆ ಹಾಕಿ ಬಂದು ಹೊರಟ. ಅವನ ಹೆಂಡತಿ ಮಂಗಳಮ್ಮ ಹೊರಟಳು. ಪುಟ್ಟಮಾದಮ್ಮನ ಪಕ್ಕದ ಮನೆಯವರಿಬ್ಬರಿಗೆ ಮದ್ದೂರಿನಲ್ಲಿ ರವಿಕೆ ಬಟ್ಟೆ ತೆಗೆದುಕೊಳ್ಳುವುದಿತ್ತು, ಅವರೂ ಆಟೋ ಹತ್ತಿದರು. ರೋಗಿಗೆ ಕೂರಲು ಜಾಗ ಸಿಕ್ಕಿದ್ದು ಡ್ರೈವರಿನ ಪಕ್ಕ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಎದೆಗೆ ವೈರು ಹಚ್ಚಿ ಪರೀಕ್ಷೆ ಮಾಡಿಸಿದರು, ರಕ್ತ ತೆಗೆಸಿದರು. ಹೃದಯದಲ್ಲಿ ದೋಷವಿಲ್ಲ, ರಕ್ತದಲ್ಲಿ ದೋಷವಿಲ್ಲ, ಇದು ಗಾಬರಿಯ ಕಾಯಿಲೆ, ವಾಸಿಯಾಗುವಂಥದ್ದು ಎಂದರು. ದೋಷವಿಲ್ಲ ಎಂದು ಕೇಳಿದೊಡನೆ ಮರಿಯಯ್ಯ ಹೆಂಡತಿಯ ಕಡೆ ತಿರುಗಿ, ನಾನು ಹೇಳಲಿಲ್ಲವಾ ಗ್ಯಾಸು ಎಂದ. ಡಾಕ್ಟರು ಅವನನ್ನು ಒಂದು ಸಲ ನೋಡಿ, ದಿನಕ್ಕೊಂದು ಮಾತ್ರೆ ಬರೆದರು. ಹಿಡಿಯುವುದಕ್ಕೆ ಎರಡು ಮೂರು ವಾರ ಬೇಕು, ನಮ್ಮನ್ನು ಕೇಳದೆ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿ, ಪಕ್ಕದ ಕೊಠಡಿಯ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು.

ಆ ಹುಡುಗಿಯ ಹೆಸರು ದೀಪಿಕ. ಅವಳ ಕೊಠಡಿಯಲ್ಲಿ ಎರಡು ಕುರ್ಚಿ, ಒಂದು ಬೆಂಚು. ಐದೂ ಜನ ಒಳಗೆ ನುಗ್ಗಿದರು. ರವಿಕೆ ಬಟ್ಟೆಯವರು ಬೆಂಚಿನ ಮೇಲೆ ಕೂತರು. ಎಷ್ಟು ದಿನದಿಂದ ಹೀಗಾಗುತ್ತಿದೆ ಎಂದು ದೀಪಿಕ ಪುಟ್ಟಮಾದಮ್ಮನನ್ನು ಕೇಳಿದಳು. ಮರಿಯಯ್ಯ ಉತ್ತರ ಹೇಳಿದ. ನಿದ್ದೆ ಬರುತ್ತದಾ ಎಂದು ಕೇಳಿದಳು. ಬರುತ್ತದೆ ಎಂದ ಮರಿಯಯ್ಯ. ಅವನ ಮನೆ ಇರುವುದು ದೂರದ ಹೊಳಲಿನ ಹತ್ತಿರ, ಅಕ್ಕನ ನಿದ್ದೆ ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಏನು ನೆನೆಸಿಕೊಂಡರೆ ಹೆದರಿಕೆಯಾಗುತ್ತದೆ ಎಂದು ಮೂರನೆಯದಾಗಿ ಕೇಳಿದಳು. ಅವಳಿಗೆ ಸತುವು ಕಡಿಮೆ ಎಂದು ಅವನು ಶುರು ಮಾಡಿದ.

ದೀಪಿಕ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು. "ಕಾಯಿಲೆ ಯಾರಿಗಣ್ಣ, ನಿಮಗಾ? ಹಂಗಿದ್ರೆ ಬರೋ ಮಂಗಳವಾರ ಬನ್ನಿ, ನಿಮ್ಮದೂ ಕೇಳ್ತೀನಿ. ಇವತ್ತು ಅಮ್ಮಂದು."

ಮಂಗಳಮ್ಮ ಬಾಗಿಲಿನಲ್ಲಿ, ಮನೆಯವರ ಎದುರು ಹೇಳದೆ ಇರುವಂಥದ್ದು ಏನಿದೆಯೋ ಎಂದು ಗೊಣಗಿದಳು. ಬಾಗಿಲು ಮುಚ್ಚಿತು.

ಇಬ್ಬರೇ ಉಳಿದಾಗ ಪುಟ್ಟಮಾದಮ್ಮನಿಗೆ ಅವಳ ಮೇಲೂ ತಾತ್ಸಾರವೇ ಬಂತು. ಮೊಮ್ಮಗಳ ವಯಸ್ಸು, ಕೈಯಲ್ಲಿ ಸೂಜಿಯಿಲ್ಲ, ಮೇಜಿನ ಮೇಲೆ ಒಂದು ನೀರಿನ ಬಾಟಲಿ. ಬರೀ ಮಾತಾಡಿ ಕಾಯಿಲೆ ಬಿಡಿಸುತ್ತಾಳಂತೆ. ಮಾತಿನಿಂದ ಹೋಗುವುದಾದರೆ ಊರಲ್ಲಿ ಮಾತಾಡುವವರಿಗೆ ಬರವೇ? ಸುಮ್ಮನೆ ಸೆರಗು ಹಿಡಿದು ಕೂತಳು.

"ಏನ್ ಸಾರು ಮಾಡ್ತೀರಮ್ಮ ಶಾಲೆಯಲ್ಲಿ?" ಎಂದು ಕೇಳಿದಳು ದೀಪಿಕ.

ಕಾಯಿಲೆ ಬಿದ್ದ ಮೇಲೆ ಅವಳ ಕೆಲಸದ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಪುಟ್ಟಮಾದಮ್ಮ ಹೇಳಿದಳು. ಬೇಳೆ ಎಷ್ಟು, ತರಕಾರಿ ಎಷ್ಟು, ಹುಣಸೆ ಯಾವಾಗ. ಎಷ್ಟು ಸಲ ರುಚಿ ನೋಡುತ್ತೀರಿ ಎಂದು ಕೇಳಿದಾಗ ಒಂದು ಸಲ ಎಂದಳು. ಆಮೇಲೆ ಬೆರಳು ಮಡಿಸಿದಳು. ಉಪ್ಪು ಹಾಕಿದ ಮೇಲೆ, ಇಳಿಸಿದ ಮೇಲೆ, ಏನಾದರೂ ಬಿದ್ದಿರಬಹುದು ಎಂದು ಇನ್ನೊಮ್ಮೆ, ಮೊದಲು ನೋಡಿದ್ದು ಸರಿಯೋ ಇಲ್ಲವೋ ಎಂದು ಮತ್ತೊಮ್ಮೆ. ಒಂದು ಕೈ ಮುಗಿದು ಎರಡನೆಯ ಕೈಗೆ ಬಂದಳು. ಈಚೆಗೆ ಅದು ಹನ್ನೊಂದು ಸಲಕ್ಕೆ ಹೋಗಿತ್ತು. ಮಧ್ಯಾಹ್ನದ ಊಟವೇ ಬೇಡವಾಗುವಷ್ಟು ಸಾರು ಅವಳ ಹೊಟ್ಟೆ ಸೇರುತ್ತಿತ್ತು. ಅಲ್ಲಿಂದ ಮಾತು ಹಲ್ಲಿಗೆ ಬಂತು, ಹಲ್ಲಿಯಿಂದ ಹನ್ನೊಂದು ಡಬ್ಬಿಗೆ. ಡಬ್ಬಿಯ ಮಾತು ಬಂದಾಗ ಪುಟ್ಟಮಾದಮ್ಮನ ದನಿ ಒಡೆಯಿತು. ದೀಪಿಕ ನೀರಿನ ಬಾಟಲಿಯನ್ನು ಹತ್ತಿರ ಸರಿಸಿದಳು.

ಆಮೇಲೆ ಹೇಳಿದಳು. "ಅನ್ನ ಉಕ್ಕುವಾಗ ನೊರೆ ಮೇಲಕ್ಕೆ ಬರುತ್ತಲ್ಲಮ್ಮ, ಮುಚ್ಚಳ ತೆಗೆದರೆ ತಾನೇ ಇಳಿಯುತ್ತೆ. ಎದೆ ಹೊಡ್ಕೊಳ್ಳೋದೂ ಹಂಗೇ. ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತೆ. ಅದು ಇಳಿಯೋದನ್ನ ನೀವು ಕೂತು ನೋಡಿಲ್ಲ, ಅಷ್ಟರೊಳಗೆ ಪಾತ್ರೆ ಚೆಲ್ಲಿಬಿಟ್ಟಿದ್ದೀರ. ಅದಕ್ಕೇ ಚೆಲ್ಲಿದ್ದರಿಂದ ಉಳ್ಕೊಂಡೆ ಅನ್ನಿಸುತ್ತೆ."

ಪುಟ್ಟಮಾದಮ್ಮ ಆ ಮಾತನ್ನು ಆಟೋದಲ್ಲಿ ಊರಿನ ತನಕ ತಿರುಗಿಸಿ ಮುರುಗಿಸಿ ನೋಡಿದಳು. ಹಿಂದೆ ನಾಲ್ವರೂ ರವಿಕೆ ಬಟ್ಟೆಯ ಬಣ್ಣ ನೋಡುತ್ತಿದ್ದರು.

ಮಾತ್ರೆ ಶುರುವಾದ ಮೊದಲ ವಾರ ಬಾಯಿ ಒಣಗಿತು, ತಲೆ ಭಾರವಾಯಿತು. ಊರಿನವರಿಗೆ ಅಷ್ಟೇ ಬೇಕಾಗಿತ್ತು. ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ ಆ ಮಾತ್ರೆ ಎಂದಳು ಮಂಗಳಮ್ಮ. ತಲೆ ಕೆಟ್ಟವರಿಗೆ ಕೊಡುವುದು ಅದನ್ನೇ ಎಂದಳು ಸೋಮಮ್ಮ. ಸೂಜಿ ಡಾಕ್ಟರು, ಅದನ್ನು ಬಿಟ್ಟು ಬಂದರೆ ಒಂದು ಬಾಟಲಿ ಏರಿಸುತ್ತೇನೆ ಎಂದು ಹೇಳಿ ಕಳಿಸಿದ. ಪುಟ್ಟಮಾದಮ್ಮ ಯಾರ ಜೊತೆಗೂ ವಾದಕ್ಕೆ ಇಳಿಯಲಿಲ್ಲ. ದಿನಾ ಊಟವಾದ ಮೇಲೆ ಒಂದು ಮಾತ್ರೆ ನುಂಗಿದಳು. ಮೂರನೆಯ ವಾರಕ್ಕೆ ತಲೆಭಾರ ಇಳಿಯಿತು. ಮೂರು ತಿಂಗಳಿನಿಂದ ಕಾಣದ ನಿದ್ದೆ ಬಂತು.

ಮಂಗಳವಾರಗಳೂ ನಡೆದವು. ಎರಡನೆಯ ಮಂಗಳವಾರ ಮರಿಯಯ್ಯ ಬಂದು ಹೊರಗೆ ಕೂತ. ಹೊರಗೆ ಕೂತು ಕೇಳಿಸದ ಮಾತಿಗೆ ರಜೆ ಹಾಕುವುದೇಕೆ ಎಂದು ಮೂರನೆಯ ವಾರದಿಂದ ಅವನೂ ನಿಂತ. ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದಳು. ದಿಕ್ಕಿಲ್ಲದವಳು ಎಂದವರು ಎಂದುಕೊಂಡರು. ರುಚಿ ನೋಡುವುದು ಹನ್ನೊಂದರಿಂದ ಎಂಟಕ್ಕೆ ಬಂತು, ಐದಕ್ಕೆ ಬಂತು, ಎರಡಕ್ಕೆ ಬಂತು. ಎದೆ ಹೊಡೆದುಕೊಂಡಾಗ ಎರಡೂ ಅಂಗೈಯನ್ನು ಕಟ್ಟೆಯ ಕಲ್ಲಿನ ಮೇಲೆ ಊರಿ, ಉಸಿರನ್ನು ನಿಧಾನವಾಗಿ ಬಿಡುತ್ತ ಕೂತಿರಬೇಕು. ಎದ್ದು ಹೋಗಬಾರದು, ಸೌಟು ಮುಟ್ಟಬಾರದು. ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಐದರಿಂದ ಎರಡಕ್ಕೆ ಇಳಿಯುವ ವಾರ ಒಂದು ದಿನ ಅವಳು ಕೂತಲ್ಲೇ ಅತ್ತಳು.

ಆರನೆಯ ಮಂಗಳವಾರ ದೀಪಿಕ ಇದ್ದಕ್ಕಿದ್ದ ಹಾಗೆ ಕೇಳಿದಳು, ಮೇಷ್ಟರು ರುಚಿ ನೋಡಿದಾಗ ಏನು ಹೇಳುತ್ತಾರೆ? ಪುಟ್ಟಮಾದಮ್ಮನಿಗೆ ನಗು ಬಂತು. ಸೋಮವಾರದ ಆರು ಸಹಿಯ ಕಥೆ ಹೇಳಿದಳು. ದೀಪಿಕ ನಗಲಿಲ್ಲ. "ಕಟ್ಟಳೆಯಲ್ಲಿ ಇಬ್ಬರು ಇದ್ದಾರಲ್ಲಮ್ಮ. ಇನ್ನೊಬ್ಬರ ಪಾಲೂ ನೀವೇ ಹೊತ್ಕೊಂಡಿದ್ದೀರ" ಎಂದಳು. ಅಷ್ಟೇ ಹೇಳಿದ್ದು.

ಅದರ ಮುಂದಿನ ಗುರುವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಮೂರನೆಯ ತರಗತಿಯ ಹುಡುಗಿಯೊಂದು ವಾಂತಿ ಮಾಡಿಕೊಂಡಿತು. ಮೈ ಸುಡುತ್ತಿತ್ತು, ರಾತ್ರಿಯಿಂದ ಜ್ವರವಂತೆ, ಅಮ್ಮ ಬಂದು ಕರೆದುಕೊಂಡು ಹೋದಳು. ಒಲೆ ಇನ್ನೂ ಹಚ್ಚಿರಲಿಲ್ಲ. ಆದರೂ ಸ್ವಾಮಿ ಮೇಷ್ಟರು ಕರವಸ್ತ್ರ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, ಇವತ್ತು ಸಾರು ಸರಿಯಾಗಿ ನೋಡಮ್ಮ, ಇವತ್ತೇನಾದರೂ ಆದರೆ ನಾನು ಹೊಣೆ ಅಲ್ಲ ಎಂದು ಹೇಳಿ ಹೋದರು. ಒಂಬತ್ತು ವರ್ಷ ಯಾವುದಕ್ಕೂ ಹೊಣೆಯಾಗದ ಮನುಷ್ಯ ಅವತ್ತು ಅದನ್ನು ಬಾಯಿಬಿಟ್ಟು ಹೇಳಿದರು ಅಷ್ಟೆ.

ಸಾರು ಬೆಂದಿತು. ಪುಟ್ಟಮಾದಮ್ಮ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಒಂದು ಸಲ. ಸೌಟನ್ನು ಮುಚ್ಚಳದ ಮೇಲೆ ಇಟ್ಟಳು. ಎದೆ ಶುರುವಾಯಿತು. ಮಾತ್ರೆ ಹಿಡಿದ ಮೇಲೆ ಅಷ್ಟು ಜೋರಾಗಿ ಬಂದಿರಲಿಲ್ಲ. ಬೆರಳ ತುದಿ ತಣ್ಣಗಾಯಿತು, ವಾಂತಿ ಮಾಡಿಕೊಂಡ ಮಗುವಿನ ಮುಖ ಕಣ್ಣೆದುರು ಬಂತು. ಅವಳಿಗೆ ಅರಿವಿಲ್ಲದೆ ಎರಡೂ ಕೈ ತಪ್ಪಲೆಯ ಬಾಯಿಗೆ ಹೋದವು. ಸೋಮಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೋಡುತ್ತ ನಿಂತಳು. ಮೂರನೆಯ ಸಲ ಚೆಲ್ಲಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಕೈ ಅಲ್ಲೇ ನಿಂತವು. ಆಮೇಲೆ ಅವಳು ತಪ್ಪಲೆ ಬಿಟ್ಟು, ಒಂದು ಲೋಟ ತೊಳೆದು, ಅರ್ಧ ಲೋಟ ಸಾರು ಬಗ್ಗಿಸಿಕೊಂಡು, ಅಂಗಳ ದಾಟಿ ಮೇಷ್ಟರ ಕೊಠಡಿಗೆ ಹೋದಳು. ಲೋಟವನ್ನು ಮೇಜಿನ ಮೇಲೆ, ಡಬ್ಬಿಯ ಪಕ್ಕದಲ್ಲಿ ಇಟ್ಟಳು.

"ಏನಿದು?" ಎಂದರು ಮೇಷ್ಟರು.

"ಸಾರು ಸಾ. ರುಚಿ ನೋಡಿ."

ಮೇಷ್ಟರು ಲೋಟವನ್ನು ನೋಡಿದರು. ಅವರು ನೋಡಿದ ರೀತಿಯಲ್ಲೇ ಒಂಬತ್ತು ವರ್ಷದ ಲೆಕ್ಕ ಅವಳಿಗೆ ಸಿಕ್ಕಿಹೋಯಿತು. ಕೈ ಮುಂದೆ ಬರಲಿಲ್ಲ. "ನನಗೆ ಗ್ಯಾಸ್ಟ್ರಿಕ್ಕು ಕಣಮ್ಮ, ಹೊರಗಿನ ಊಟ ಆಗಲ್ಲ" ಎಂದರು.

ಎದೆ ಕುಟ್ಟುತ್ತಲೇ ಇತ್ತು. ಅದರ ನಡುವೆಯೂ ಪುಟ್ಟಮಾದಮ್ಮನಿಗೆ ಅಸಹ್ಯವಾಯಿತು, ನಗುವೂ ಬಂತು. ತನಗೆ ಊರೆಲ್ಲ ಕಟ್ಟಿದ ಕಾಯಿಲೆಯನ್ನು ಈ ಮನುಷ್ಯ ಡಬ್ಬಿಯ ಮುಚ್ಚಳದ ಹಾಗೆ ಇಟ್ಟುಕೊಂಡಿದ್ದಾನೆ. ಬಾಗಿಲ ಪಕ್ಕದ ಸ್ಟೂಲನ್ನು ಎಳೆದುಕೊಂಡು ಅವರೆದುರಿಗೆ ಕೂತಳು. ಒಂಬತ್ತು ವರ್ಷದಲ್ಲಿ ಆ ಕೊಠಡಿಯಲ್ಲಿ ಅವಳು ಕೂತಿದ್ದು ಅದೇ ಮೊದಲು.

"ಜೀರ್ಗೆ ನೀರು ಕುಡೀರಿ ಸಾ, ಓಯ್ತದೆ. ಈಗ ಇದ ಒಂದ್ ಗುಟ್ಕು ಬಾಯಿಗ್ ಬುಡಿ. ಬುಕ್ಕಲ್ಲಿ ಇವತ್ತುಂದು ರುಚಿ ಚೆಂದಾಗದೆ ಅಂತ ಸೋಮಾರ್ವೇ ಬರ್ದಿದ್ದೀರಿ. ನಾಳೀಕುಂದೂ ಬರ್ದಿದ್ದೀರಿ. ನಾಳೀಕ್ ಏನ್ ಸಾರು ಅಂತ ನಂಗೇ ಗೊತ್ತಿಲ್ಲ."

"ಯಾರು ಹೇಳಿದ್ದು ನಿನಗೆ ಇದನ್ನೆಲ್ಲ?"

"ಯಾರ್ ಯಾಕ್ ಯೋಳ್ಬೇಕು? ಈ ರೂಮ್ ಗುಡ್ಸದೂ ನಾನೇಯ. ತಾಲ್ಲೂಕ್ಗೆ ಬರೀತೀನಿ ಅಂದ್ರಲ್ಲ, ಬರೀರಿ. ಬುಕ್ಕೂ ಜೊತ್ಗೆ ಕಳ್ಸಿ. ನೀವು ಕುಡ್ದ್ರೆ ನಾನ್ ಗಂಟೆ ಒಡೀತೀನಿ. ಅಲ್ಲೀಗಂಟ ಇಲ್ಲೇ ಕೂತಿರ್ತೀನಿ."

ಅವಳು ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿ, ಉಸಿರನ್ನು ನಿಧಾನವಾಗಿ ಬಿಟ್ಟಳು. ಅದು ದೀಪಿಕ ಹೇಳಿಕೊಟ್ಟದ್ದು. ಮೇಷ್ಟರು ಅದನ್ನು ಬೆದರಿಕೆ ಎಂದುಕೊಂಡರು. ಗಡಿಯಾರದಲ್ಲಿ ಹನ್ನೆರಡೂ ಹತ್ತು ಆಯಿತು, ಹನ್ನೆರಡೂ ಕಾಲಾಯಿತು. ಹೊರಗೆ ಮಕ್ಕಳು ತಟ್ಟೆ ಬಡಿಯತೊಡಗಿದವು, ಕಿಟಕಿಯಲ್ಲಿ ನಾಲ್ಕು ತಲೆ ಕಾಣಿಸಿದವು. ಮೇಷ್ಟರು ಕಿಟಕಿ ನೋಡಿದರು, ಪುಸ್ತಕ ನೋಡಿದರು. ಕಡೆಗೆ ಲೋಟವನ್ನು ಎರಡು ಬೆರಳಿನಲ್ಲಿ ಎತ್ತಿ, ಕಷಾಯ ಕುಡಿಯುವ ಮುಖ ಮಾಡಿಕೊಂಡು ಒಂದು ಗುಟುಕು ಕುಡಿದರು. ಆ ಮುಖ ಬದಲಾಗುವುದನ್ನು ಅವಳು ಕಣ್ಣಾರೆ ಕಂಡಳು. ಇನ್ನೊಂದು ಗುಟುಕು ಕುಡಿದರು. ಆದರೆ ಒಪ್ಪಿಕೊಳ್ಳುವ ಪೈಕಿಯಲ್ಲ.

"ಉಪ್ಪು ಸ್ವಲ್ಪ ಕಮ್ಮಿ" ಎಂದರು.

ಎರಡು ತಿಂಗಳ ಹಿಂದೆ ಆ ಮಾತು ಕೇಳಿದ್ದರೆ ಪುಟ್ಟಮಾದಮ್ಮ ಓಡಿಹೋಗಿ ತಪ್ಪಲೆಯ ಮುಂದೆ ನಿಂತು ಹನ್ನೊಂದು ಸಲ ನೆಕ್ಕುತ್ತಿದ್ದಳು. ಈಗಲೂ ಕಾಲು ಆ ಕಡೆಗೇ ಎಳೆಯಿತು. ಅವಳು ಎದ್ದು ನಿಂತು, ಲೋಟ ತೆಗೆದುಕೊಂಡು, "ಬರೀರಿ ಸಾ ಅಂಗೇಯ. ಉಪ್ಪು ಕಮ್ಮಿ ಅಂತ ಬರ್ದು ಇವತ್ತೇ ಸೈನ್ ಆಕಿ" ಎಂದಳು. ಅವರು ಮೊದಲು ಬರೆದದ್ದನ್ನು ಹೊಡೆದು ಹಾಕಿ ಬರೆಯುವ ತನಕ ನಿಂತಿದ್ದಳು. ಹೊರಗೆ ಇನ್ನೂ ಹತ್ತು ನಿಮಿಷ ಕಟ್ಟೆಯ ಮೇಲೆ ಕೂತಿದ್ದು, ತಾನು ರುಚಿ ನೋಡಿದಲ್ಲಿಂದ ಕಟ್ಟಳೆಯ ಅರ್ಧ ಗಂಟೆ ಮುಗಿಸಿದಳು. ಆಮೇಲೆ ತಾನೇ ಹೋಗಿ ಗಂಟೆ ಹೊಡೆದಳು.

ಮೊದಲ ಸಾಲಿಗೆ ಬಡಿಸುವಾಗ ಸೌಟು ನಡುಗುತ್ತಿತ್ತು. ಎರಡನೆಯ ಸಾಲಿನಲ್ಲಿ ಕಡಿಮೆಯಾಯಿತು. ಮೂರನೆಯ ಸಾಲಿನ ನಡುವೆ ಎಲ್ಲೋ ಎದೆ ಸುಮ್ಮನಾಗಿತ್ತು, ಯಾವ ಮಗುವಿನ ತಟ್ಟೆಯ ಹತ್ತಿರ ಎಂದು ಅವಳಿಗೆ ತಿಳಿಯಲೇ ಇಲ್ಲ. ಮಕ್ಕಳು ಉಂಡವು, ಮತ್ತೆ ಹಾಕಿಸಿಕೊಂಡವು, ಕೈ ತೊಳೆಯಲು ನಲ್ಲಿಯ ಹತ್ತಿರ ಓಡಿದವು.

ಖಾಲಿ ತಪ್ಪಲೆಯನ್ನು ತಿಕ್ಕುತ್ತ ಸೋಮಮ್ಮ ಬಹಳ ಹೊತ್ತು ತಡೆದುಕೊಂಡಿದ್ದಳು, ಕಡೆಗೆ ಕೇಳಿದಳು. "ಏನಂದ್ರು ಮೇಷ್ಟ್ರು?"

"ಉಪ್ಪು ಕಮ್ಮಿಯಂತೆ" ಎಂದಳು ಪುಟ್ಟಮಾದಮ್ಮ. "ಅಷ್ಟ್ ಮಕ್ಳಲ್ಲಿ ಒಂದಾದ್ರೂ ಉಪ್ಪು ಕೇಳ್ತಾ? ಒಂಬತ್ತ್ ವರ್ಸ ನೆಕ್ದೆ ಮಡೀಕಂಡ್ ಮಡೀಕಂಡ್ ಆಯಪ್ಪನ್ ನಾಲ್ಗೆನೇ ಸತ್ತೋಗದೆ ಬುಡು."

ಸೌಟನ್ನು ಒರೆಸಿ ಮೊಳೆಗೆ ನೇತುಹಾಕಿದಳು. ಮಂಗಳವಾರಕ್ಕೆ ಇನ್ನೂ ಐದು ದಿನ ಇತ್ತು. ಮಾತ್ರೆ ಇನ್ನೂ ಹತ್ತು ಉಳಿದಿದ್ದವು.